ಐದನೇ ಅಧ್ಯಾಯವಿಲ್ಲದ ಪುಸ್ತಕ

ತ್ಬಿಲಿಸಿಯ ಒಣಸೇತುವೆ ಸಂತೆಯಲ್ಲಿ, ಪದಕ ಚಮಚಗಳ ನಡುವೆ
ಬಟ್ಟೆ ಹಾಸಿ ಕೂತ ಮುದುಕಿಯಿಂದ ಕೊಂಡೆ:
ಹೊಸಬರಿಗಾಗಿ, ಹದಿನೈದು ದಿನದಲ್ಲಿ ವೆಬ್ ಅನಿಮೇಷನ್.
ಭಾಷೆ ರಷ್ಯನ್, ಬೆಲೆ ಎರಡು ರೊಟ್ಟಿಯದು.
"ನನ್ನ ಮೊಮ್ಮಗನದು, ಕಲಿತುಬಿಟ್ಟ" ಅಂದಳು.
ಕಲಿತೇಬಿಟ್ಟನೋ, ಕಲಿಯುವುದನ್ನೇ ಬಿಟ್ಟನೋ,
ಕೇಳಲಿಲ್ಲ.

ನಾನು ಗಡಿಯಾರ ರಿಪೇರಿಯವನು,
ಅಂಗಡಿ ಸೊಲೊಲಾಕಿಯ ಇಳಿಜಾರಿನಲ್ಲಿ.
ಈಗ ಎಲ್ಲರ ಜೇಬಲ್ಲೂ ಫೋನು, ಫೋನಿನಲ್ಲಿ ಹೊತ್ತು.
ಮೇಲಿನ ಮನೆಯ ಖಾತುನಾ ಹೇಳಿದಳು,
"ಜುಂಬೆರ್ ಮಾಮ, ನಿಮಗೊಂದು ವೆಬ್‌ಸೈಟು ಬೇಕು,
ಅದರಲ್ಲಿ ಏನಾದರೊಂದು ಅಲ್ಲಾಡಬೇಕು."
ತನ್ನ ಹಳೆ ಕಂಪ್ಯೂಟರನ್ನು ಮೆಟ್ಟಿಲಿಳಿಸಿ ತಂದಳು
ನಿದ್ದೆಹೋದ ಮಗುವನ್ನು ತರುವ ಹಾಗೆ.

ಮೊದಲ ದಿನ ಚೆಂಡು.
ಒಂದನೇ ಚೌಕಟ್ಟಿನಲ್ಲಿ ಎಡಕ್ಕಿಡಿ,
ಇಪ್ಪತ್ತನಾಲ್ಕರಲ್ಲಿ ಬಲಕ್ಕಿಡಿ,
ನಡುವಿನದನ್ನು ಯಂತ್ರ ತುಂಬುತ್ತದೆ, ಚಿಂತೆ ಬೇಡ.
ಗುಂಡಿ ಒತ್ತಿದೆ. ಚೆಂಡು ಹೋಯಿತು!
ಅರವತ್ತರ ಗಂಡಸು, ಯಾರಾದರೂ ನೋಡಿಯಾರೆಂದು
ಎದ್ದು ಬಾಗಿಲು ಹಾಕಿ ಬಂದು
ಇನ್ನೂ ಹನ್ನೊಂದು ಸಲ ಒತ್ತಿದೆ.

ಎರಡನೇ ದಿನ ಪದರಗಳು. ಇದು ನನಗೆ ಹೊಸದಲ್ಲ:
ಮುಖ, ಅದರಡಿ ಫಲಕ, ಅದರಡಿ ಗಾಲಿ, ಅದರಡಿ ಸ್ಪ್ರಿಂಗು,
ಎಲ್ಲಕ್ಕೂ ಅಡಿಯಲ್ಲಿ, ಸತ್ತುಹೋದ ಯಾವನೋ ಕಸುಬಿನವನು
ಸೂಜಿಯಲ್ಲಿ ಗೀಚಿದ ರಿಪೇರಿಯ ತಾರೀಕು.

ಮೂರನೇ ದಿನ ಕರೆಂಟು ಹೋಯಿತು.
ಮಾಡಿದ್ದನ್ನು ಉಳಿಸಿಕೊಳ್ಳಿ ಎಂದು ಪುಸ್ತಕ ಹೇಳುವುದು ಮೂವತ್ತನೇ ಪುಟದಲ್ಲಿ.
ನಾನಿದ್ದದ್ದು ಇಪ್ಪತ್ತೊಂಬತ್ತರಲ್ಲಿ.
ಸೀಮೆಎಣ್ಣೆ ಸ್ಟವ್ ಹಚ್ಚಿ, ಕಪ್ಪು ಪರದೆಯಲ್ಲಿ
ನನ್ನ ಮೂಗನ್ನೇ ನೋಡುತ್ತ ಕೂತೆ.
ಗೋಡೆಯ ಹದಿನಾಲ್ಕು ಗಡಿಯಾರಗಳು ಮಾತ್ರ
ಯಾರ ಹಂಗೂ ಇಲ್ಲದೆ ನಡೆದವು,
ಸ್ವಲ್ಪ ಜೋರಾಗಿಯೇ, ಬೇಕಂತಲೇ.

ಆಮೇಲೆ ಲೋಲಕ. ನನ್ನ ಪುಟಕ್ಕೆ ಮತ್ತೇನು ಬೇಕು?
ಎಡ ತುದಿ ಇಟ್ಟೆ, ಬಲ ತುದಿ ಇಟ್ಟೆ,
ನಡುವಿನದನ್ನು ಯಂತ್ರಕ್ಕೆ ಬಿಟ್ಟೆ.
ತೂಗಿತು. ತೂಗಿತೆಂದರೆ, ಪಹರೆಯ ಸಿಪಾಯಿ ನಡೆದ ಹಾಗೆ:
ಹೋಗುವಾಗ ಒಂದೇ ವೇಗ, ಗೋಡೆಗೆ ಬಡಿದಂತೆ ತಿರುಗಿ
ಬರುವಾಗ ಅದೇ ವೇಗ.
ಖಾತುನಾ ಚಪ್ಪಾಳೆ ತಟ್ಟಿದಳು, "ಆಯಿತಲ್ಲ!"
ಆಗಿಲ್ಲ ಅಂದೆ.
"ಯಾರಿಗೆ ಗೊತ್ತಾಗುತ್ತೆ, ಮಾಮ?"
ನಲವತ್ತು ವರ್ಷ ಈ ಒಂದು ಪ್ರಶ್ನೆಗೆ ಕಿವಿ ಕೊಡದೆ
ಹೊಟ್ಟೆ ಹೊರೆದವನು ನಾನು.

ಪರಿವಿಡಿ ತೆಗೆದೆ. ಅಧ್ಯಾಯ ಐದು:
ನಿಧಾನವಾಗಿ ಹೊರಡುವುದು, ನಿಧಾನವಾಗಿ ನಿಲ್ಲುವುದು.
ಪುಟ ಅರವತ್ತೊಂದು.
ತಿರುವಿದರೆ ಅರವತ್ತಾದ ಮೇಲೆ ಎಂಬತ್ತೊಂದು.
ನಡುವೆ ಹರಿದ ಅಂಚು, ಸೂರ್ಯಕಾಂತಿ ಬೀಜದ ಒಂದು ಸಿಪ್ಪೆ.
ಬೀಜದ ಪೊಟ್ಟಣಕ್ಕೆಂದು ಮುದುಕಿಯೇ ಹರಿದಿರಬೇಕು.

ಸರಿ.
ದೊಡ್ಡ ಗಡಿಯಾರವನ್ನು ಗೋಡೆಯಿಂದ ಇಳಿಸಿ
ಪರದೆಯ ಪಕ್ಕ ಆನಿಸಿ ನಿಲ್ಲಿಸಿದೆ.
ಸೆಕೆಂಡಿಗೆ ಹನ್ನೆರಡು ಚಿತ್ರ ಅನ್ನುತ್ತದೆ ಯಂತ್ರ.
ಸೆಕೆಂಡನ್ನು ಸರಿಮಾಡುತ್ತ ಬಾಳಿದವನು
ಅದನ್ನು ಹೋಳು ಮಾಡಿದ್ದು ಇದೇ ಮೊದಲು.
ತುದಿಯಲ್ಲಿ ಹೋಳುಗಳು ಒತ್ತೊತ್ತು,
ಚಳಿಗೆ ಒಂದನ್ನೊಂದು ಅಂಟಿದಷ್ಟು;
ನಡುಮಧ್ಯೆ ಅಗಲ, ಹಳ್ಳ ಹಾರಿದಷ್ಟು.
ಒಂದೊಂದನ್ನೂ ಕೈಯಿಂದಲೇ ಇಟ್ಟೆ,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
(ಪರದೆಗೆ ಅದು ಬೇಕಿಲ್ಲ, ನನಗೆ ಬೇಕು).
ರಾತ್ರಿ ಎರಡಾಯಿತು. ಪ್ರತಿ ಚಿತ್ರಕ್ಕೊಮ್ಮೆ ಉಳಿಸಿದೆ.

ಬೆಳಿಗ್ಗೆ, ಕೆಲಸಕ್ಕೆ ಹೊರಟ ಖಾತುನಾ ಇಣುಕಿದಳು.
"ನಿನ್ನೆಯದೇ ಅಲ್ವಾ?"
ಆಮೇಲೆ, ಕೋಟಿನ ಒಂದು ತೋಳು ಒಳಗೆ,
ಇನ್ನೊಂದು ಹೊರಗೆ, ಹಾಗೇ ನಿಂತಳು.
ತಲೆ ತಾನಾಗಿಯೇ
ಎಡಕ್ಕೆ, ಬಲಕ್ಕೆ.

ನಾನು ಎಂಬತ್ತೊಂದನೇ ಪುಟ ತೆಗೆದೆ.
ಅಧ್ಯಾಯ ಆರು: ಸದ್ದು ಸೇರಿಸುವುದು.