ತವರ

ಬೋರ್ಡು ಬರೆಯುವ ಹುಡುಗ ಏಣಿಯ ಮೇಲಿಂದಲೇ ಕೇಳಿದ:
ಡಾಕ್ಟರಮ್ಮ, ಗಂಡನ ಮನೆಯ ಹೆಸರೋ, ತವರಿನದೋ?
ಬೈರೂತಿನ ಬೂರ್ಜ್ ಹಮ್ಮೂದಿನಲ್ಲಿ,
ಕರೆಂಟಿನ ತಂತಿ ಸಿಕ್ಕುಗಟ್ಟಿದ ಈ ಗಲ್ಲಿಯಲ್ಲಿ
ನಲವತ್ತು ವರ್ಷದಿಂದ ಹಲ್ಲು ಕೀಳುತ್ತಿದ್ದೇನೆ.
ಗಂಡನ ಕಡೆಯವರು ನಜಾರಿಯಾನ್. ಬಡಗಿಗಳಂತೆ.
ಒಬ್ಬನಿಗೂ ಮೊಳೆ ನೆಟ್ಟಗೆ ಹೊಡೆಯಲು ಬರುವುದಿಲ್ಲ.

ಕಲಾಯ್‌ಜಿಯಾನ್ ಅಂತ ಬರಿ, ಅಂದೆ.

ಕಲಾಯ್ ಅಂದರೆ ಕಲಾಯಿಯೇ.
ಜಿ ಅಂದರೆ ಅದನ್ನು ಹಾಕುವವನು.
ಎರಡೂ ತುರ್ಕಿ ಮಾತು, ನಮ್ಮನ್ನು ಹೊರಗಟ್ಟಿದವರದು.
ಕೊನೆಯ ಯಾನ್ ಒಂದೇ ನಮ್ಮದು: ಮಗ, ಮನೆತನ,
ತಪ್ಪಲೆಯ ಕಂಠಕ್ಕೆ ಬೆಸೆದ ಹಿಡಿಯಷ್ಟು.

ತೋಕಾತಿನಲ್ಲಿ ತಾತ ಮನೂಗ್ ಹನ್ನೊಂದರ ಹುಡುಗ.
ಅಪ್ಪನ ಅಂಗಡಿಯಲ್ಲಿ ಅವನದು ಕಾಲಿನ ಕೆಲಸ:
ಕೊಪ್ಪರಿಗೆಯೊಳಗೆ ಇಳಿದು, ಮರಳು ಸುರಿದು,
ಗೋಡೆಯ ಗೂಟ ಹಿಡಿದು, ಸೊಂಟ ಆಡಿಸುತ್ತ
ಅಂಗಾಲಲ್ಲಿ ಕಿಲುಬು ತಿಕ್ಕುವುದು,
ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು,
ತಾಮ್ರ ಕೆಂಪಗೆ ನಗುವ ತನಕ.
ಆಮೇಲೆ ಬೆಂಕಿ. ನವಾಸಾಗರದ ಹೊಗೆ. ತವರ.
ಹತ್ತಿಯ ಉಂಡೆ ಒಮ್ಮೆ ಸುಳಿದರೆ
ಪಾತ್ರೆಯ ತಳದಲ್ಲಿ ಹುಣ್ಣಿಮೆ.

ಆ ಬೇಸಗೆ ಗಂಡಸರನ್ನು ಮೊದಲು ಕರೆದೊಯ್ದರು.
ಉಳಿದವರು ಸಾಲುಗಟ್ಟಿ ನಡೆದರು ತೆಂಕಣಕ್ಕೆ.
ಕುದುರೆ ನಿಲ್ಲಿಸಿ ಅಧಿಕಾರಿಯೊಬ್ಬ
ಹೆಸರೇನೋ ನಿಂದು, ಅಂದ.
ಇವನು ಹೆಸರು ಹೇಳಿದ. ಅವನಿಗೆ ಕೇಳಿಸಿದ್ದು ಕಸುಬು.
ದಂಡಿನ ಹಂಡೆಗಳು ಹಸಿರು ಕಾರುತ್ತಿದ್ದವು,
ಸಿಪಾಯಿಗಳು ವಾಂತಿ ಮಾಡಿಕೊಂಡು ಸಾಯುತ್ತಿದ್ದರು.
ಈಚೆ ಬಾ, ಅಂದ.
ಹುಡುಗ ಈಚೆ ಬಂದ.
ಸಾಲು ಮುಂದೆ ಹೋಯಿತು, ಅದರಲ್ಲಿ ಅವನ ಅಮ್ಮ,
ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು.

ಇದನ್ನು ತಾತ ಹೇಳಿದ್ದು ಒಂದೇ ಸಲ,
ನಾನು ತುಂಬಿದ ಮೊದಲ ಹಲ್ಲು ಅವನದಾದ ದಿನ.
ಬಾಯಿ ಮುಕ್ಕಳಿಸಿ, ನಾಲಿಗೆ ಆಡಿಸಿ ನೋಡಿದ.
ಏನು ಹಾಕಿದೆ?
ಬೆಳ್ಳಿ, ಪಾದರಸ, ಒಂದಿಷ್ಟು ತವರ.
ತವರವೇ! ಮೊದಲು ಸರಿಯಾಗಿ ತಿಕ್ಕಿದೆಯೋ ಇಲ್ಲವೋ?
ತಿಕ್ಕಿದೆ ತಾತ.
ಕಾಲಲ್ಲಿ?
ನಕ್ಕೆವು. ನಕ್ಕು ಮುಗಿದ ಮೇಲೂ ಅವನು
ಕುರ್ಚಿಯಿಂದ ಏಳಲಿಲ್ಲ, ಶುರುಮಾಡಿದ:
ತೋಕಾತಿನಲ್ಲಿ ನಾನು ಹನ್ನೊಂದರ ಹುಡುಗ.

ಏಣಿಯ ಮೇಲಿಂದ ಹುಡುಗ ಕೂಗುತ್ತಿದ್ದಾನೆ:
ಹೆಸರು ಉದ್ದ, ಡಾಕ್ಟರಮ್ಮ, ಹಲಗೆ ಸಾಲದು.
ಬಾಲ ಬಿಟ್ಟುಬಿಡಲೇ?
ಬೇಡ ಕಣೋ.
ಜಾಗ ಬೇಕಿದ್ದರೆ ಡಾಕ್ಟರ್ ಅನ್ನುವುದನ್ನು ಅಳಿಸು.