ಹಿಡಿದ ಮೊಲ

ಭಾನುವಾರಕ್ಕೆಂದು ತಂದ ಹನ್ನೊಂದರಲ್ಲಿ
ಇದೊಂದು ನನ್ನ ಹೆಬ್ಬೆರಳು ಕಚ್ಚಿ
ಅಡುಗೆಮನೆಯ ಫ್ರೀಜರಿನಡಿ ನುಗ್ಗಿತ್ತು.
ನಾಳೆ ಹಿಡಿದರಾಯಿತು ಅಂದೆ.
ಆ ನಾಳೆಗೀಗ ಎರಡು ವರ್ಷ.

ಸಾಲ್ವೀನಾ ಅದನ್ನು ಹೋಬ್ಜಾ ಅನ್ನತೊಡಗಿದಳು.
ನಮ್ಮಲ್ಲಿ ಹಾಗಂದರೆ ರೊಟ್ಟಿ; ಮೈಬಣ್ಣವೂ ಹಾಗೇ,
ಒಲೆಯಲ್ಲಿ ಒಂದು ನಿಮಿಷ ಹೆಚ್ಚಾದದ್ದು.
ಯಾರದ್ದು ಅಂತ ಯಾರೂ ಕೇಳಲಿಲ್ಲ.
ಗೋಜೊ ದ್ವೀಪದಲ್ಲಿ ಮೊಲ ಯಾರದ್ದೂ ಅಲ್ಲ,
ಬೆಳ್ಳುಳ್ಳಿಯದ್ದು, ಕೆಂಪು ವೈನಿನದ್ದು,
ಮುಚ್ಚಳ ಮುಚ್ಚಿದ ಪಾತ್ರೆಯದ್ದು.

ಗುರುವಾರ ಸಂಜೆ ಕ್ಯಾರೆಟ್ ಸೊಪ್ಪು ಇಟ್ಟಲ್ಲೇ ಇತ್ತು.
ಮೂಲೆಯಲ್ಲಿ ಮುದುಡಿ ಕೂತು
ಹಲ್ಲು ಕಡಿಯುತ್ತಿತ್ತು, ಮೆಲ್ಲಗೆ,
ಪಕ್ಕದ ಮನೆಯಲ್ಲಿ ಯಾರೋ ಕಲ್ಲುಪ್ಪು ಅರೆದಂತೆ.
ನೆಲದ ಮೇಲೆ ಒಂದು ಹಿಕ್ಕೆಯೂ ಇಲ್ಲ.
ದಿನಾ ಬೈದುಕೊಂಡು ಗುಡಿಸುವ ಸಾಲ್ವೀನಾ
ಮಂಡಿಯೂರಿ, ಟಾರ್ಚು ಬಿಟ್ಟು,
ಹಿಕ್ಕೆ ಹುಡುಕಿದಳು.

ಮೊದಲ ಡಾಕ್ಟರು: ನಾಯಿ ಬೆಕ್ಕು ಮಾತ್ರ.
ಎರಡನೆಯವರು ಹಸು ನೋಡುವವರು,
ಎಷ್ಟು ಕಿಲೋ ಅಂದರು. ಹೇಳಿದೆ.
"ಹಾಗಾದರೆ ನಾಲ್ಕು ಜನಕ್ಕಾಯಿತು" ಅಂತ ನಕ್ಕರು.
ತಪ್ಪೇನಿಲ್ಲ. ನಿನ್ನೆಯಾಗಿದ್ದರೆ ಆ ಮಾತು ನನ್ನದೇ.
ಮೂರನೆಯದು ಬರೀ ರಿಂಗಾಯಿತು.
ನಾಲ್ಕನೆಯದು ಹೆಂಗಸಿನ ದನಿ, ಕಡಲಾಚೆ ಮೋಸ್ತಾದಿಂದ:
"ಕೊನೆಯ ಸಲ ಹಿಕ್ಕೆ ಹಾಕಿದ್ದು ಯಾವಾಗ?"
ಇದನ್ನೂ ಕೇಳುವವರಿದ್ದಾರಲ್ಲ ಅನ್ನಿಸಿ
ಗಂಟಲು ಕಟ್ಟಿತು.
"ಬೆಳಗಿನವರೆಗೆ ಕಾಯಬೇಡಿ.
ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ಪಕ್ಕದಲ್ಲಿಡಿ. ಹೊರಡಿ."

ನಡುರಾತ್ರಿಯ ಫೆರಿ. ವಾಯುವ್ಯದ ಗಾಳಿ.
ಟೊಮೇಟೊ ಕ್ರೇಟಿನಲ್ಲಿ ಅದು, ನನ್ನ ಉಣ್ಣೆಯಂಗಿಯೊಳಗೆ.
ಹಗ್ಗ ಬಿಚ್ಚುವ ನಾತ್ಸು ಬಗ್ಗಿ ನೋಡಿದ:
"ಜೀವಂತ ಒಯ್ತಿದ್ದೀಯಲ್ಲೋ ವಿಸ್ತಿನ್, ಯಾರ ಮದುವೆಗೆ?"
ಆಸ್ಪತ್ರೆಗೆ, ಅಂದೆ.
ನಾನು ನಗಲೆಂದು ಸ್ವಲ್ಪ ಹೊತ್ತು ಕಾದ.
ಆಮೇಲೆ ಟೋಪಿ ಸರಿಮಾಡಿಕೊಂಡು,
ಎಂಜಿನ್ ಕೋಣೆಯ ಗೋಡೆ ಬೆಚ್ಚಗಿರುತ್ತೆ,
ಅಲ್ಲಿ ಕೂರು, ಅಂದ.

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ನಾನು.
ಅಲ್ಲಿ ಕೂತು ನಾಲ್ಕನ್ನೂ ಒಂದೊಂದಾಗಿ ಮುಟ್ಟಿದೆ.
ನಾಲ್ಕೂ ತಣ್ಣಗಿದ್ದವು.
ಮೂವತ್ತು ವರ್ಷ ಮೊಲದ ಒಳಗು ನೋಡಿದ್ದೇನೆ:
ಈಲಿ ಎಲ್ಲಿ, ಗುಂಡಿಗೆ ಎಲ್ಲಿ,
ಕರುಳು ಒಡೆಯದಂತೆ ಬೆರಳು ಎಲ್ಲಿ ತೂರಬೇಕು.
ನೋವು ಎಲ್ಲಿರುತ್ತದೋ,
ಅದೊಂದು ಕೈಗೆ ಸಿಕ್ಕಿದ್ದಿಲ್ಲ.

ಮೇಜಿನ ಹುಡುಗಿ ಫಾರಂ ಕೊಟ್ಟಳು.
ಪ್ರಾಣಿಯ ಹೆಸರು. ಹೆಣ್ಣೋ ಗಂಡೋ.
ಯಜಮಾನರ ಹೆಸರು:
ಪೆನ್ನು ನಿಂತಿತು.
ಸಾಲ್ವೀನಾಳದ್ದು ಬರೆಯಹೊರಟು ನನ್ನದೇ ಬರೆದೆ,
ಕೋರ್ಟಿನಲ್ಲಿ ಬರೆದಂತೆ, ಅಪ್ಪನ ಹೆಸರು ಸಮೇತ.
"ಇದೊಂದು ಕೇಳಲೇಬೇಕು" ಅಂದಳು, ತಲೆಯೆತ್ತದೆ,
"ಔಷಧ ಬೇರೆಯಾಗುತ್ತೆ. ಸಾಕೋದಕ್ಕಾ, ತಿನ್ನೋದಕ್ಕಾ?"
ಅದು ಫ್ರೀಜರಿನಡಿ ಇರುತ್ತೆ, ಅಂದೆ.
ಅವಳು ತಲೆಯೆತ್ತಿದಳು.
ಸಾಕೋದಕ್ಕೆ, ಅಂದೆ.

ಡಾಕ್ಟರ ತೋಳಿನ ತುಂಬ ಉಗುರಿನ ಗೀರು.
ಹಿಡಿದುಕೊಳ್ಳಿ ಅಂದರು.
ಒಂದು ಕೈ ಹೆಗಲ ಮೇಲೆ, ಒಂದು ಹಿಂಗಾಲಿನಡಿ.
ಅದು ಕೊಸರಲಿಲ್ಲ.
"ಒಳ್ಳೇ ಹಿಡಿತ. ಎಲ್ಲಿ ಕಲಿತಿರಿ?"
ಸೂಜಿ ಒಳಹೋಯಿತು.
ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.
ಹೊಟ್ಟೆ ನೀವುವುದು ತೋರಿಸಿದರು,
ಸಿರಿಂಜಿನಲ್ಲಿ ಹಸಿರು ಗಂಜಿ ಕುಡಿಸುವುದು,
ಗಲ್ಲದ ಪಕ್ಕದಿಂದ, ಅವಸರ ಮಾಡದೆ.

ನಾಲ್ಕೂವರೆಗೆ ಜೆಟ್ಟಿಯಲ್ಲಿ ಫೆರಿ ಕಾಯುತ್ತ
ಕಾರಿನಲ್ಲಿ ಕೂತು ನೀವುತ್ತಿದ್ದೆ.
ಅಂಗೈಯಡಿ ಏನೋ ಗುಡುಗುಟ್ಟಿತು.
ತಡಕಿದೆ: ಕಾಳುಮೆಣಸಿನಷ್ಟು ಒಂದು,
ಅದರ ಹಿಂದೆ ಇನ್ನೆರಡು,
ಅದರದ್ದೇ ಕೂದಲಲ್ಲಿ ಪೋಣಿಸಿಕೊಂಡು.

ಫೋನು ಮಾಡಿ, ಮೂರು ಅಂದೆ.
"ಮೂರೇನಾ?"
ಮೂರೇ.
ಅವಳು ಮೂಗೊರಸಿಕೊಂಡದ್ದು ಕೇಳಿಸಿತು.
ಆಮೇಲೆ, ಭಾನುವಾರ ಹದಿನಾಲ್ಕು ಜನ ಹೇಳಿದ್ದಾರಲ್ಲ,
ಏನು ಮಾಡೋದು, ಅಂದಳು.

ಫೆರಿಯ ಬಾಯಿ ತೆರೆಯಿತು.
ಹಿಂದಿನ ಕಾರು ಹಾರ್ನ್ ಹೊಡೆಯಿತು.
ಮನೆಗೆ ಬಂದು ಹೇಳ್ತೀನಿ ಅಂದೆ,
ಹಿಕ್ಕೆ ಮೂರನ್ನೂ ಕರವಸ್ತ್ರದಲ್ಲಿ ಕಟ್ಟುತ್ತ.