ಕಂಡಕ್ಟರ್ ಸೌಂಡ್ ಕಾರ್ಡ್ ಕೊಂಡದ್ದು

ಒಂದು ವರ್ಷ ಏಳು ತಿಂಗಳ ಬತ್ತೆ,
ಹಾರ್ಲಿಕ್ಸ್ ಬಾಟಲಿಯಲ್ಲಿ. ಹತ್ತರ ನಾಣ್ಯಗಳೇ ಹೆಚ್ಚು:
ಪ್ಯಾಸೆಂಜರುಗಳು ಮುಟ್ಟದ್ದನ್ನೆಲ್ಲ ನಾನೇ ಇಟ್ಟುಕೊಂಡೆ.
ಎಣಿಸಿದರೆ ನಾಲ್ಕು ಸಾವಿರದ ಆರುನೂರ ಎಪ್ಪತ್ತು.

ಹಂಪನಕಟ್ಟೆ, ಎರಡನೇ ಮಹಡಿ, ವಲೇರಿಯನ್ನನ ಅಂಗಡಿ.
ಗಿಟಾರುಗಳು ಒಣಮೀನಿನಂತೆ ಸಾಲಾಗಿ ತೂಗುತ್ತಿವೆ.
"ಎಂತ ಬೇಕು?"
"ಮನೆಯಲ್ಲಿ ರೆಕಾರ್ಡ್ ಮಾಡಲಿಕ್ಕೆ.
ಕಂಪ್ಯೂಟರಿನ ಒಳಗೇ ಒಂದು ಉಂಟು,
ಆದರೆ ಬುಲ್‌ಬುಲ್ ತರಂಗ ನುಡಿಸಿದರೆ
ಸೊಳ್ಳೆ ಹಿಡಿದು ಕೊಡ್ತದೆ."

ಮೂರು ಪೆಟ್ಟಿಗೆ ಇಟ್ಟ ಮುಂದೆ.

ಒಂದು, ಬೆರಳಿನಗಲದ್ದು, ಎಂಟುನೂರು.
ತಂತಿ ಮೀಟಿದ ಮೇಲೆ ಸ್ವಲ್ಪ ಯೋಚಿಸಿ
ಕಿವಿಗೆ ಕೊಡುತ್ತದಂತೆ.
ಅದು ನನಗೆ ಗೊತ್ತು.
ನಾನು ಸೀಟಿ ಊದುವುದಕ್ಕೂ
ಮೋನಪ್ಪಣ್ಣ ಬ್ರೇಕು ಒತ್ತುವುದಕ್ಕೂ ನಡುವೆ
ಒಂದು ಹೆಂಗಸು, ಒಂದು ಕೊಡೆ, ಒಂದು ಬೈಗುಳ
ಸ್ಟಾಪು ದಾಟಿ ಹೋಗಿರುತ್ತವೆ.
ಬೇಡ ಅಂದೆ.

ಇನ್ನೊಂದು ಒಂಬತ್ತು ಸಾವಿರದ್ದು.
"ಎರಡು ತೂತು, ಎರಡು ಮೈಕು, ಮುಂದೆ ಬೇಕಾಗ್ತದೆ ಮಾರಾಯ್ರೆ."
ಎರಡನೆಯದು ಯಾರಿಗೆ?
ತಬಲದ ದೇವದಾಸ ಈಗ ಟೈಲ್ಸ್ ಹಾಕುತ್ತಾನೆ,
ಬೆರಳ ಸಂದಿಯಲ್ಲಿ ಬಿಳಿ ಸಿಮೆಂಟು.
ಕರೆದರೆ ಬಂದಾನು. ಕರೆದಿಲ್ಲ.

ಮೂರನೆಯದು ಹಳತು, ಒಂದೇ ತೂತು.
ಉರ್ವದ ಕ್ವಾಯರ್ ಹುಡುಗನೊಬ್ಬ ಮಾರಿ ಹೋದದ್ದು,
ತಿರುಗಿಸುವ ಗುಂಡಿ ಸಡಿಲ, ಮೂಲೆಯಲ್ಲಿ ಗೀರು,
ಮೂರು ಸಾವಿರದ ಇನ್ನೂರು.
ಕೆಂಪು ಸ್ವಿಚ್ಚು: ಫ್ಯಾಂಟಮ್ ಪವರ್, ನಲವತ್ತೆಂಟು ವೋಲ್ಟು.
ಅಂದರೆ ಭೂತವೇ ಅಲ್ಲವಾ? ಕೋಳಿ ಕೇಳುವುದಿಲ್ಲವಷ್ಟೆ?
ವಲೇರಿಯನ್ ನಗಲಿಲ್ಲ. ದಿನಾ ಕೇಳುತ್ತಾರೇನೋ.

"ಏನಾದರೂ ಹೇಳಿ" ಅಂತ ಮೈಕು ಹಿಡಿದ.
ಬಾಯಿಗೆ ಬಂದದ್ದು ಒಂದೇ:
ಜ್ಯೋತಿ ಬಲ್ಮಠ ಬೆಂದೂರ್‌ವೆಲ್ ಕಂಕನಾಡಿ,
ಪಿರ ಪೋಲೆ, ಪಿರ ಪೋಲೆ, ಪೋಯಿ!

ಹೆಡ್‌ಫೋನಿನಲ್ಲಿ ವಾಪಸು ಬಂತು
ಹನ್ನೊಂದು ವರ್ಷ ಕೂಗಿದ ಸ್ವರ,
ಮೊದಲ ಸಲ ಇಂಜಿನ್ ಇಲ್ಲದೆ.
ಕಂಕನಾಡಿಯ 'ನಾ' ಹತ್ತಿರ ಸಣ್ಣ ಬಿರುಕು.
ಹಳೆ ಪೆಟ್ಟಿಗೆಯಲ್ಲವಾ, ಅದಕ್ಕೆ ಅಂದುಕೊಂಡೆ.
ಒಂಬತ್ತು ಸಾವಿರದ್ದಕ್ಕೆ ಸಿಕ್ಕಿಸಿ ಮತ್ತೆ ಕೂಗಿದೆ.
ಅಲ್ಲೂ ಬಿರುಕು. ಇನ್ನೂ ಸ್ಪಷ್ಟ.
ನನ್ನದೇ.

ಹಳತಕ್ಕೇ ದುಡ್ಡು ಸುರಿದೆ, ವಯರು ಮೈಕು ಸೇರಿಸಿ.
ಎಣಿಸುವಾಗ ನಾಣ್ಯವೊಂದು ಗಾಜಿನ ಮೇಲೆ ಮಂಕಾಗಿ ಬಿತ್ತು;
ನಾನೇ ತೆಗೆದು ಕಿಸೆಗೆ ಹಾಕಿಕೊಂಡೆ.

ರಾತ್ರಿ ಹತ್ತೂವರೆ, ಜೆಪ್ಪು.
ಫ್ಯಾನು ಬಂದ್, ಕಿಟಕಿ ಬಂದ್, ಬೆವರು ಮಾತ್ರ ಚಾಲೂ.
ಹೆಡ್‌ಫೋನಿನೊಳಗೆ ಗುಂಯ್ ಅಂತ ಒಂದು.
ವಯರು ಬದಲಿಸಿದೆ, ಪ್ಲಗ್ಗು ಬದಲಿಸಿದೆ.
ತಂತಿ ಮುಟ್ಟಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ,
ತಟ್ಟಿ ಮಲಗಿಸುವ ಕೈ ತೆಗೆದರೆ ಮಗು ಏಳುವ ಹಾಗೆ.
ಹುಡುಕುತ್ತಾ ಹೋದರೆ ಅಡುಗೆಮನೆಯ ಫ್ರಿಜ್ಜು.

"ತೆಗೀರಿ ಪ್ಲಗ್ಗು," ವಾರಿಜ ಒಳಗಿಂದ,
"ನಾಳೆ ಬಂಗುಡೆ ನೀವೊಬ್ಬರೇ ತಿನ್ನಿ, ವಾಸನೆ ಸಮೇತ."

ಕೂತೆ. ಬೇರೆ ಕೆಲಸವಿಲ್ಲದೆ ಅದನ್ನೇ ಕೇಳಿದೆ.
ಕೇಳುತ್ತಾ ಕೇಳುತ್ತಾ, ಅಲ್ಲ, ಇದೊಂದು ಸ್ವರ.
ಬಿಳಿ ಐದಕ್ಕಿಂತ ಕೂದಲಷ್ಟು ಮೇಲೆ,
ಯಾವ ಹಾರ್ಮೋನಿಯಂ ಕೀಲಿಗೂ ಸಿಗದ ಜಾಗ.
ಗದ್ದಲವೆಂದು ಓಡಿಸಲಿಕ್ಕೆ ಹೋದದ್ದು
ಇಷ್ಟು ಹೊತ್ತು ಷಡ್ಜ ಹಿಡಿದುಕೊಂಡು ನಿಂತಿತ್ತು,
ಫುಟ್‌ಬೋರ್ಡಿನಲ್ಲಿ ಟಿಕೆಟ್ ಕೇಳದೆ ನಿಂತವನ ಹಾಗೆ.

ಬಿರಡೆಗಳನ್ನು ಒಂದೊಂದೇ ತಿರುಗಿಸಿದೆ
ಫ್ರಿಜ್ಜಿನ ಶ್ರುತಿಗೆ.
ಕೆಂಪು ದೀಪ. ನುಡಿಸಿದೆ.

ಮೂರನೇ ನಿಮಿಷಕ್ಕೆ ಟಕ್ ಅಂತ ಅದು ನಿಂತಿತು,
ಹೇಳದೆ ಕೇಳದೆ.
ನಾನು ಆಗ ನಡು ಸ್ವರದಲ್ಲಿದ್ದೆ.
ಇಳಿಯುವವರು ಇಳಿದರೂ
ಕೊನೆಯ ಸ್ಟಾಪಿನವರೆಗೆ ಬಸ್ಸು ಹೋಗಲೇಬೇಕಲ್ಲ,
ಹೋದೆ.